ಅಮೆರಿಕದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಡಿಗ್ರಿ: ಯೂನಿವರ್ಸಿಟಿಗಿಂತ ಮೊದಲು ಅದರೊಳಗಿನ ಕಾಲೇಜು ನೋಡಿ

ಅಮೆರಿಕದಲ್ಲಿ ಡಿಗ್ರಿ ಓದಬೇಕೆಂದು ಹೊರಟವರು ಮೊದಲು ತೆರೆಯುವುದು ರ‍್ಯಾಂಕಿಂಗ್ ಪಟ್ಟಿ. ಮಿಷಿಗನ್ ಎಷ್ಟನೇ ಸ್ಥಾನ, ಇಲಿನಾಯ್ ಎಷ್ಟನೇ ಸ್ಥಾನ, ಪರ್ಡ್ಯೂ ಮೇಲಾ ಟೆಕ್ಸಾಸ್ ಮೇಲಾ. ಮನೆಯವರೂ ಅದನ್ನೇ ಕೇಳುತ್ತಾರೆ. ನನ್ನ ಪ್ರಕಾರ ಇದು ಎರಡನೆಯ ಪ್ರಶ್ನೆ. ಈ ಯೂನಿವರ್ಸಿಟಿಗಳು ತುಂಬಾ ದೊಡ್ಡವು. ಒಂದೇ ಕ್ಯಾಂಪಸ್ಸಿನಲ್ಲಿ ನಲವತ್ತು, ಐವತ್ತು ಸಾವಿರ ಜನ ಓದುತ್ತಾರೆ. ಒಳಗೆ ಹತ್ತಕ್ಕೂ ಹೆಚ್ಚು ಕಾಲೇಜುಗಳು, ನೂರಾರು ಕೋರ್ಸುಗಳು. ಕಡ್ಡಾಯವಾಗಿ ಏನು ಓದಬೇಕು, ಫೀಸು ಎಷ್ಟು, ಮನಸ್ಸು ಬದಲಾದರೆ ಬೇರೆ ಮೇಜರ್‌ಗೆ, ಅಂದರೆ ಡಿಗ್ರಿಯ ಬೇರೆ ಮುಖ್ಯ ವಿಷಯಕ್ಕೆ ಹೋಗಬಹುದೋ ಇಲ್ಲವೋ, ಇವೆಲ್ಲ ನೀವು ಸೇರಿದ ಕಾಲೇಜಿನ ಮೇಲೆ ನಿಂತಿವೆ. ಅರ್ಜಿಯಲ್ಲಿ ಯೂನಿವರ್ಸಿಟಿಯ ಹೆಸರಿನ ಕೆಳಗೆ ಕಾಲೇಜು ಆರಿಸುವ ಒಂದು ಚಿಕ್ಕ ಜಾಗ ಇರುತ್ತದೆ. ಹೆಚ್ಚು ಯೋಚಿಸಬೇಕಾದದ್ದು ಅಲ್ಲಿ.

ನಮ್ಮಲ್ಲಿ ಒಂದು ಯೂನಿವರ್ಸಿಟಿಗೆ ಊರೂರಲ್ಲಿ ಕಾಲೇಜುಗಳಿರುತ್ತವೆ. ಎಲ್ಲ ಕಡೆ ಒಂದೇ ಸಿಲಬಸ್, ಒಂದೇ ಪರೀಕ್ಷೆ. ಅಮೆರಿಕದಲ್ಲಿ ಹಾಗಲ್ಲ. ಕಾಲೇಜುಗಳೆಲ್ಲ ಒಂದೇ ಕ್ಯಾಂಪಸ್ಸಿನಲ್ಲಿರುತ್ತವೆ, ಆದರೆ ಒಂದೊಂದಕ್ಕೂ ಅದರದೇ ಡೀನ್, ಅದರದೇ ನಿಯಮ. ಈ ರಚನೆಗೆ ಒಂದು ಇತಿಹಾಸವೂ ಇದೆ. 1862ರಲ್ಲಿ ಮೊರಿಲ್ ಕಾಯ್ದೆ ಬಂತು. ರಾಜ್ಯಗಳಿಗೆ ಕೇಂದ್ರ ಸರ್ಕಾರ ಭೂಮಿ ಕೊಟ್ಟಿತು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕೆಂದು ಹೇಳಿತು. ಟೆಕ್ಸಾಸ್ ಎ ಅಂಡ್ ಎಂ ಹೆಸರಿನಲ್ಲಿರುವ ಎರಡು ಅಕ್ಷರ (ಅಗ್ರಿಕಲ್ಚರಲ್, ಮೆಕ್ಯಾನಿಕಲ್) ಬಂದದ್ದು ಅಲ್ಲಿಂದಲೇ. ಪರ್ಡ್ಯೂ, ಇಲಿನಾಯ್, ಒಹಾಯೊ ಸ್ಟೇಟ್, ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯಾ ಎಲ್ಲಕ್ಕೂ ಈ ಕಾಯ್ದೆಯ ನೆರವು ಸಿಕ್ಕಿದೆ. ಹಾಗಾಗಿ ಅಲ್ಲಿ ಕೃಷಿ ಕಾಲೇಜು ಅಂದರೆ ಮೂಲೆಯಲ್ಲಿರುವ ಸಣ್ಣ ವಿಭಾಗ ಅಂದುಕೊಳ್ಳಬೇಡಿ. ಹಳೆಯದು, ಗಟ್ಟಿಯಾದದ್ದು, ಸಂಶೋಧನೆ ಜಾಸ್ತಿ ನಡೆಯುವ ಜಾಗ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಒಂದೇ ಕಂಪ್ಯೂಟರ್ ಸೈನ್ಸ್, ಬೇರೆ ಬೇರೆ ಕಾಲೇಜು

ನಮ್ಮ ಕಡೆಯಿಂದ ಹೋಗುವವರಲ್ಲಿ ತುಂಬಾ ಜನ ಕೇಳುವುದು ಕಂಪ್ಯೂಟರ್ ಸೈನ್ಸ್. ಕಾಲೇಜಿನ ವ್ಯತ್ಯಾಸ ಎದ್ದು ಕಾಣುವುದೂ ಅದರಲ್ಲೇ. ಅದಕ್ಕೆ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಪರ್ಡ್ಯೂವಿನಲ್ಲಿ ಮೂರು ದಾರಿಗಳಿವೆ. ಕಂಪ್ಯೂಟರ್ ಸೈನ್ಸ್ ಇರುವುದು ವಿಜ್ಞಾನ ಕಾಲೇಜಿನಲ್ಲಿ. 1962ರಲ್ಲಿ ಶುರುವಾದ ಈ ವಿಭಾಗ ಅಮೆರಿಕದ ಮೊದಲ ಕಂಪ್ಯೂಟರ್ ಸೈನ್ಸ್ ವಿಭಾಗ. ಅಲ್ಲಿ ಗಣಿತ, ಅಲ್ಗಾರಿದಮ್, ಸಾಫ್ಟ್‌ವೇರ್ ಒಳಗಿನ ತತ್ವಗಳಿಗೆ ಒತ್ತು. ಕಂಪ್ಯೂಟರ್ ಎಂಜಿನಿಯರಿಂಗ್ ಇರುವುದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಸರ್ಕ್ಯೂಟು, ಚಿಪ್ಪು, ಸಿಗ್ನಲ್ಲು ಎಲ್ಲ ಬರುತ್ತವೆ. ಅಲ್ಲಿ ಮೊದಲ ವರ್ಷ ಎಂಜಿನಿಯರಿಂಗ್‌ನ ಎಲ್ಲರಿಗೂ ಒಂದೇ ಪಾಠ, ಆಮೇಲೆ ಬ್ರಾಂಚು. ಮೂರನೆಯದು ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್. ಅದರಲ್ಲಿ ಕಂಪ್ಯೂಟರ್ ಮತ್ತು ಇನ್ಫರ್ಮೇಷನ್ ಟೆಕ್ನಾಲಜಿ ಡಿಗ್ರಿ ಇದೆ. ನೆಟ್‌ವರ್ಕ್, ಡೇಟಾಬೇಸ್, ಸಿಸ್ಟಮ್ ನಡೆಸುವ ಕೆಲಸ, ಕೈಯಾರೆ ಮಾಡಿ ಕಲಿಯುವುದು ಜಾಸ್ತಿ, ಥಿಯರಿ ಕಡಿಮೆ. ಪಾಲಿಟೆಕ್ನಿಕ್ ಎಂಬ ಹೆಸರು ನೋಡಿ ನಮ್ಮ ಡಿಪ್ಲೊಮಾ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ, ಇದೂ ನಾಲ್ಕು ವರ್ಷದ ಪೂರ್ಣ ಪದವಿ. ಗಣಿತ ಇಷ್ಟ ಇದ್ದವರು ಮೊದಲನೆಯದಕ್ಕೆ ಹೋಗಲಿ. ಯಂತ್ರದ ಒಳಗೆ ಏನಾಗುತ್ತದೆ ಎಂಬ ಕುತೂಹಲ ಇದ್ದವರಿಗೆ ಎರಡನೆಯದು. ದೊಡ್ಡ ಕಂಪನಿಯ ಸಿಸ್ಟಮ್ಮುಗಳನ್ನು ಕಟ್ಟಿ ನಡೆಸುವುದು ಖುಷಿ ಕೊಡುತ್ತದೆ ಅನ್ನುವವರಿಗೆ ಮೂರನೆಯದು ನಿಜಕ್ಕೂ ಒಳ್ಳೆಯ ಆಯ್ಕೆ. ಅದನ್ನು ಕೀಳಾಗಿ ಕಾಣುವುದು ತಪ್ಪು.

ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಕಥೆ ಬೇರೆ. ಒಂದೇ ಕಂಪ್ಯೂಟರ್ ಸೈನ್ಸನ್ನು ಎಂಜಿನಿಯರಿಂಗ್ ಕಾಲೇಜಿನಿಂದಲೂ ಓದಬಹುದು, ಎಲ್‌ಎಸ್‌ಎ ಎಂದು ಕರೆಯುವ ಕಲೆ ಮತ್ತು ವಿಜ್ಞಾನ ಕಾಲೇಜಿನಿಂದಲೂ ಓದಬಹುದು. ಕಂಪ್ಯೂಟರ್ ಪಾಠಗಳು ಒಂದೇ, ಕಲಿಸುವವರೂ ಒಂದೇ, ಪಕ್ಕದ ಬೆಂಚಿನಲ್ಲಿ ಕೂತವರು ಇನ್ನೊಂದು ಕಾಲೇಜಿನವರಾಗಿರಬಹುದು. ವ್ಯತ್ಯಾಸ ಇರುವುದು ಉಳಿದ ಅರ್ಧದಲ್ಲಿ. ಎಂಜಿನಿಯರಿಂಗ್‌ನಲ್ಲಿ 128 ಕ್ರೆಡಿಟ್ (ಓದಿದ ಪಾಠಗಳ ಲೆಕ್ಕ) ಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಮೊದಲ ವರ್ಷದ ಎಂಜಿನಿಯರಿಂಗ್ ಪಾಠಗಳು ಸೇರಿರುತ್ತವೆ. ಎಲ್‌ಎಸ್‌ಎನಲ್ಲಿ 120 ಸಾಕು. ಆದರೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆಯಲ್ಲಿ ನಾಲ್ಕು ಸೆಮಿಸ್ಟರ್ ಓದಿದಷ್ಟು ಹಿಡಿತ ತೋರಿಸಬೇಕು. ಸಾಹಿತ್ಯ, ಸಮಾಜ ವಿಜ್ಞಾನದ ಪಾಠಗಳನ್ನೂ ಓದಬೇಕು. ಪಿಯುಸಿಯಲ್ಲಿ ಕೆಮಿಸ್ಟ್ರಿ ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗಿ, ಆದರೆ ಇತಿಹಾಸ ಓದುವುದು ಇಷ್ಟ, ಅಂಥವಳು ಎಲ್‌ಎಸ್‌ಎಗೆ ಹೋದರೆ ನಾಲ್ಕು ವರ್ಷ ನೆಮ್ಮದಿಯಾಗಿ ಓದುತ್ತಾಳೆ. ಕೆಲಸ ಕೊಡುವವರು ಇವೆರಡನ್ನೂ ಬೇರೆ ಮಾಡಿ ನೋಡುವುದು ಅಪರೂಪ.

ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್‌ಲಿ ಕ್ಯಾಂಪಸ್ಸಿನಲ್ಲೂ ಇಂಥದ್ದೇ ಜೋಡಿ ಇದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಇಸಿಎಸ್, ಅಂದರೆ ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎರಡೂ ಸೇರಿದ ಬಿಎಸ್ (ಬ್ಯಾಚುಲರ್ ಆಫ್ ಸೈನ್ಸ್) ಪದವಿ. ಬರೀ ಕಂಪ್ಯೂಟರ್ ಸೈನ್ಸ್ ಬೇಕೆಂದರೆ ಸಿಗುವುದು ಬಿಎ ಪದವಿ. ಹೌದು, ಬಿಎ. ಅಪ್ಪ ಅಮ್ಮಂದಿರು ಇದನ್ನು ಕೇಳಿ ಗಾಬರಿಯಾಗುವುದುಂಟು. ಜಗತ್ತಿನ ಎಷ್ಟೋ ಒಳ್ಳೆಯ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಕೈಯಲ್ಲಿರುವುದು ಆ ಬಿಎ ಪದವಿಯೇ. ಈ ವಿಭಾಗ ಮುಂಚೆ ಕಲೆ ಮತ್ತು ವಿಜ್ಞಾನ ಕಾಲೇಜಿನಲ್ಲಿತ್ತು. 2023ರಲ್ಲಿ ಕಂಪ್ಯೂಟಿಂಗ್ ಮತ್ತು ಡೇಟಾ ಸೈನ್ಸ್‌ಗೆಂದೇ ಹೊಸ ಕಾಲೇಜು ಮಾಡಿ ಅದರಲ್ಲಿ ಸೇರಿಸಿದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಬರ್ಕ್‌ಲಿಯಲ್ಲಿ ಶುರುವಾದ ಹೊಸ ಕಾಲೇಜು ಅದು. ಇಇಸಿಎಸ್‌ಗೆ ಫಿಸಿಕ್ಸ್ ಮತ್ತು ಎಲೆಕ್ಟ್ರಿಕಲ್ ಪಾಠ ಕಡ್ಡಾಯ, ಬಿಎಗೆ ಫಿಸಿಕ್ಸ್ ಬೇಕಿಲ್ಲ. ಮೊದಲ ವರ್ಷದ ಕಂಪ್ಯೂಟರ್ ಪಾಠಗಳಿಗೆ ಎರಡೂ ಕಡೆಯವರು ಒಟ್ಟಿಗೇ ಕೂರುತ್ತಾರೆ.

ನನಗೆ ತುಂಬಾ ಇಷ್ಟವಾದ ಮಾದರಿ ಇಲಿನಾಯ್‌ನ ಅರ್ಬಾನಾ-ಷಾಂಪೇನ್‌ದು. ಅಲ್ಲಿ ಎಂಜಿನಿಯರಿಂಗ್ ಕಾಲೇಜಿನ ಪೂರ್ಣ ಕಂಪ್ಯೂಟರ್ ಸೈನ್ಸ್ ಇದೆ, ಸೀಟು ಸಿಗುವುದು ಬಹಳ ಕಷ್ಟ. ಅದರ ಜೊತೆಗೆ ಕಂಪ್ಯೂಟರ್ ಸೈನ್ಸನ್ನು ಇನ್ನೊಂದು ವಿಷಯಕ್ಕೆ ಹೆಣೆದ ಪದವಿಗಳಿವೆ. ಭಾಷಾವಿಜ್ಞಾನದ ಜೊತೆ, ತತ್ವಶಾಸ್ತ್ರದ ಜೊತೆ, ಖಗೋಳ ವಿಜ್ಞಾನದ ಜೊತೆ, ಅರ್ಥಶಾಸ್ತ್ರದ ಜೊತೆ. ಇವೆಲ್ಲ ಕಲೆ ಮತ್ತು ವಿಜ್ಞಾನ ಕಾಲೇಜಿನಲ್ಲಿ. ಸಂಗೀತದ ಜೊತೆ ಬೇಕೆಂದರೆ ಲಲಿತಕಲೆಯ ಕಾಲೇಜು. ಜಾಹೀರಾತಿನ ಜೊತೆ ಬೇಕೆಂದರೆ ಮಾಧ್ಯಮ ಕಾಲೇಜು. ಬೆಳೆ ವಿಜ್ಞಾನದ ಜೊತೆ ಬೇಕೆಂದರೆ ಕೃಷಿ ಕಾಲೇಜು! ರೈತ ಕುಟುಂಬದಿಂದ ಬಂದ, ಕೋಡಿಂಗ್ ಚೆನ್ನಾಗಿ ಬರುವ ಹುಡುಗನಿಗೆ ಇದಕ್ಕಿಂತ ಹೊಂದುವ ಪದವಿ ಯಾವುದಿದೆ ಹೇಳಿ. ಮಣ್ಣಿನ ತೇವ ಅಳೆಯುವ ಸೆನ್ಸಾರ್, ಡ್ರೋನ್ ತೆಗೆದ ಹೊಲದ ಚಿತ್ರ, ಇಳುವರಿಯ ಲೆಕ್ಕ, ಎಲ್ಲಕ್ಕೂ ಕಂಪ್ಯೂಟರ್ ಬಲ್ಲವರು ಬೇಕು. ಎರಡನ್ನೂ ಬಲ್ಲವರು ಕಡಿಮೆ. ಆದರೆ ಒಂದು ಎಚ್ಚರಿಕೆ. ಎಂಜಿನಿಯರಿಂಗ್‌ಗೆ ಸೀಟು ಸಿಗದು, ಸುಮ್ನೆ ಇದರಲ್ಲಿ ನುಗ್ಗೋಣ ಎಂದು ಭಾಷಾವಿಜ್ಞಾನ ಆರಿಸಿಕೊಳ್ಳಬೇಡಿ. ಡಿಗ್ರಿಯ ದೊಡ್ಡ ಪಾಲು ಆ ಇನ್ನೊಂದು ವಿಷಯವೇ ಇರುತ್ತದೆ. ಅದರಲ್ಲಿ ಆಸಕ್ತಿ ಇಲ್ಲದಿದ್ದರೆ ನಾಲ್ಕು ವರ್ಷ ಎಳೆಯುವುದು ಹಿಂಸೆ.

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಇರುವುದು ಪ್ರಕೃತಿ ವಿಜ್ಞಾನಗಳ ಕಾಲೇಜಿನಲ್ಲಿ. ಒಹಾಯೊ ಸ್ಟೇಟ್‌ನಲ್ಲಿ ಎಂಜಿನಿಯರಿಂಗ್‌ನಲ್ಲೂ ಇದೆ, ಕಲೆ ಮತ್ತು ವಿಜ್ಞಾನದಲ್ಲೂ ಇದೆ. ಇನ್ನೊಂದು ಕ್ಯಾಂಪಸ್ಸಿನಲ್ಲಿ ಇನ್ನೊಂದು ರೀತಿ. ಎಂಜಿನಿಯರಿಂಗ್ ಕಾಲೇಜಿನ ಪಟ್ಟಿಯಲ್ಲಿ ಹುಡುಕಿ ಸಿಗಲಿಲ್ಲ ಎಂದು ಬಿಟ್ಟುಬಿಡಬೇಡಿ, ಪಕ್ಕದ ಕಾಲೇಜಿನಲ್ಲೂ ನೋಡಿ.

ಒಳಗೆ ಹೋದ ಮೇಲೆ ಬದಲಿಸಬಹುದಾ?

ಅಮೆರಿಕದಲ್ಲಿ ಯಾವಾಗ ಬೇಕಾದರೂ ಮೇಜರ್ ಬದಲಿಸಬಹುದು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅರ್ಧ ನಿಜ. ಇತಿಹಾಸದಿಂದ ಸಮಾಜಶಾಸ್ತ್ರಕ್ಕೆ, ಗಣಿತದಿಂದ ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗುವುದು ಸಾಮಾನ್ಯವಾಗಿ ಸುಲಭ. ಎಲ್ಲರೂ ಬಯಸುವ ಮೇಜರ್‌ಗಳಿಗೆ ಹೊರಗಿನಿಂದ ಬರುವುದು ಕಷ್ಟ. ಕಂಪ್ಯೂಟರ್, ಎಂಜಿನಿಯರಿಂಗ್, ಬಿಸಿನೆಸ್, ನರ್ಸಿಂಗ್ ಈ ನಾಲ್ಕರಲ್ಲಿ ಜಾಸ್ತಿ ಹೀಗೆಯೇ.

ಬರ್ಕ್‌ಲಿಯಲ್ಲಿ ಮುಂಚೆ ಕಲೆ ಮತ್ತು ವಿಜ್ಞಾನ ಕಾಲೇಜಿಗೆ ಸೇರಿದವರು ಮೂರು ಕಂಪ್ಯೂಟರ್ ಪಾಠಗಳಲ್ಲಿ ಸರಾಸರಿ (4ಕ್ಕೆ) 3.3 ಅಂಕ ತೆಗೆದರೆ ಮೇಜರ್ ಸಿಗುತ್ತಿತ್ತು. ಆ 3.3ಕ್ಕಾಗಿ ಮಕ್ಕಳು ಪಟ್ಟ ಒತ್ತಡ ಸಣ್ಣದಲ್ಲ. 2023ರ ಬ್ಯಾಚಿನಿಂದ ಅರ್ಜಿ ಹಾಕುವಾಗಲೇ ಕಂಪ್ಯೂಟರ್ ಸೈನ್ಸ್ ಎಂದು ಆರಿಸಿ ಸೀಟು ಪಡೆಯಬೇಕು. ಹಾಗೆ ಬಂದವರಿಗೆ ನೆಮ್ಮದಿ. ಆಮೇಲೆ ಬರುತ್ತೇನೆ ಎನ್ನುವವರಿಗೆ ದಾರಿ ಕಿರಿದು. ಅಲ್ಲಿನ ಹಾಸ್ ಬಿಸಿನೆಸ್ ಸ್ಕೂಲ್ ಕೂಡ ಮುಂಚೆ ಎರಡು ವರ್ಷ ಓದಿದ ಮೇಲೆ ಸೇರಿಸಿಕೊಳ್ಳುತ್ತಿತ್ತು, ಈಗ ಮೊದಲ ವರ್ಷದಿಂದಲೇ ನಾಲ್ಕು ವರ್ಷದ ಕಾರ್ಯಕ್ರಮ ಶುರು ಮಾಡಿದೆ.

ಟೆಕ್ಸಾಸ್ ಎ ಅಂಡ್ ಎಂನಲ್ಲಿ ಎಂಜಿನಿಯರಿಂಗ್‌ಗೆ ಸೇರಿದವರು ಮೊದಲು ಸಾಮಾನ್ಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಬ್ರಾಂಚು ಸಿಗುವುದು ಮೊದಲ ವರ್ಷದ ಅಂಕ ನೋಡಿ. 3.75 ಸರಾಸರಿ ಇದ್ದರೆ ಮೊದಲ ಆಯ್ಕೆ ಖಚಿತ, ಅದಕ್ಕಿಂತ ಕಡಿಮೆ ಇದ್ದರೆ ಪೈಪೋಟಿ. ಮೊದಲ ವರ್ಷ ಅಂದರೆ ಹೊಸ ದೇಶ, ಹೊಸ ಊಟ, ಹೊಸ ಬಗೆಯ ಪರೀಕ್ಷೆ. ಅದರ ಮಧ್ಯೆ ಈ ಅಂಕ ತೆಗೆಯಬೇಕು. ಕೆಲವರಿಗೆ ಇದು ಒಳ್ಳೆಯದೇ. ಮೆಕ್ಯಾನಿಕಲ್ಲೋ ಸಿವಿಲ್ಲೋ ಎಂದು ಗೊತ್ತಾಗದವರಿಗೆ ಒಂದು ವರ್ಷ ಸಮಯ ಸಿಗುತ್ತದೆ. ಒಂದೇ ಬ್ರಾಂಚಿನ ಮೇಲೆ ಮನಸ್ಸಿಟ್ಟವರಿಗೆ ನೇರವಾಗಿ ಮೇಜರ್ ಕೊಡುವ ಯೂನಿವರ್ಸಿಟಿಯೇ ವಾಸಿ, ರ‍್ಯಾಂಕಿಂಗ್‌ನಲ್ಲಿ ಹತ್ತು ಸ್ಥಾನ ಕೆಳಗಿದ್ದರೂ ಸರಿ.

ಇಬ್ಬರು ಮಕ್ಕಳಿಗೆ ಆಯ್ಕೆ ಮಾಡಲು ಸಹಾಯ ಮಾಡಿದಾಗ ನಾನು ಇಟ್ಟುಕೊಂಡ ಅಳತೆ ಇದು: ಸೇರಿದ ಮೇಜರ್‌ನಲ್ಲೇ ಡಿಗ್ರಿ ಮುಗಿಸಬೇಕಾಗಿ ಬಂದರೆ ಖುಷಿಯಾಗಿ ಓದುತ್ತೀಯಾ? ಹೌದು ಎಂದರೆ ಸೇರು. ಇಲ್ಲ, ಒಳಗೆ ಹೋಗಿ ಬದಲಿಸಿಕೊಳ್ಳುತ್ತೇನೆ ಎಂದರೆ ಆ ಸೀಟು ಬೇಡ.

ಏನು ಓದಬೇಕೆಂದು ನಿಜಕ್ಕೂ ಗೊತ್ತಿಲ್ಲದವರಿಗೂ ಜಾಗ ಇದೆ. ಇಲಿನಾಯ್‌ನಲ್ಲಿ ಜನರಲ್ ಸ್ಟಡೀಸ್ ವಿಭಾಗ, ಪೆನ್ ಸ್ಟೇಟ್‌ನಲ್ಲಿ ಅಂಡರ್‌ಗ್ರಾಜುಯೇಟ್ ಸ್ಟಡೀಸ್ ವಿಭಾಗ ಇಂಥವರಿಗೆಂದೇ ಇವೆ. ಅಲ್ಲಿ ಅಡ್ವೈಸರ್‌ಗಳು ಚೆನ್ನಾಗಿ ಕೂತು ಮಾತಾಡುತ್ತಾರೆ. ಆದರೆ ಅಲ್ಲಿಂದಲೂ ಸೀಟು ತುಂಬಿದ ಮೇಜರ್‌ಗಳಿಗೆ ಹೋಗುವುದು ಕಷ್ಟ ಎಂಬುದನ್ನು ಮೊದಲೇ ತಿಳಿದಿರಬೇಕು.

ಹೆಸರು ಒಂದು, ಇರುವ ಜಾಗ ಇನ್ನೊಂದು

ಕೆಮಿಕಲ್ ಎಂಜಿನಿಯರಿಂಗ್ ಎಲ್ಲಿದೆ ಅಂದರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅನ್ನುತ್ತೀರಿ, ಅಲ್ವಾ? ಬರ್ಕ್‌ಲಿಯಲ್ಲಿ ಅದು ಕೆಮಿಸ್ಟ್ರಿ ಕಾಲೇಜಿನಲ್ಲಿದೆ. ಇಲಿನಾಯ್‌ನಲ್ಲಿ ಕಲೆ ಮತ್ತು ವಿಜ್ಞಾನ ಕಾಲೇಜಿನಲ್ಲಿದೆ. ಪದವಿ ಅಪ್ಪಟ ಎಂಜಿನಿಯರಿಂಗ್ ಪದವಿಯೇ. ಅರ್ಜಿಯಲ್ಲಿ ತಪ್ಪು ಕಾಲೇಜು ಆರಿಸಿದರೆ ಮಾತ್ರ ಬೇಕಾದ ಮೇಜರ್ ಪಟ್ಟಿಯಲ್ಲೇ ಬರುವುದಿಲ್ಲ.

ಅರ್ಥಶಾಸ್ತ್ರಕ್ಕೂ ಹೀಗೆಯೇ ಹಲವು ಮನೆಗಳು. ಕಲೆ ಮತ್ತು ವಿಜ್ಞಾನದಲ್ಲಿ ಸಾಮಾನ್ಯ ಎಕನಾಮಿಕ್ಸ್. ಬಿಸಿನೆಸ್ ಕಾಲೇಜಿನಲ್ಲಿ ಫೈನಾನ್ಸ್. ಕೃಷಿ ಕಾಲೇಜಿನಲ್ಲಿ ಕೃಷಿ ಅರ್ಥಶಾಸ್ತ್ರ, ಮಾರುಕಟ್ಟೆ, ಅಭಿವೃದ್ಧಿ. ವಿಸ್ಕಾನ್ಸಿನ್‌ನಲ್ಲೂ ಇಲಿನಾಯ್‌ನಲ್ಲೂ ಈ ಮೂರನೆಯದು ಗಟ್ಟಿಯಾಗಿದೆ. ಬಿಸಿನೆಸ್ ಕಾಲೇಜಿನಲ್ಲಿ ಸೀಟಿಗೆ ಬಡಿದಾಡುವವರಲ್ಲಿ ಹೆಚ್ಚಿನವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಬಯಾಲಜಿ ಇಷ್ಟ ಇರುವವರೂ ಕೃಷಿ ಕಾಲೇಜಿನ ಪ್ರಾಣಿ ವಿಜ್ಞಾನ, ಆಹಾರ ವಿಜ್ಞಾನ, ಪೌಷ್ಟಿಕಾಂಶದ ಕೋರ್ಸುಗಳನ್ನು ಒಮ್ಮೆ ನೋಡಬೇಕು.

ಡಾಕ್ಟರ್ ಆಗಬೇಕು ಎನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೇರ ಎಂಬಿಬಿಎಸ್ ಇಲ್ಲ. ನಾಲ್ಕು ವರ್ಷ ಯಾವುದಾದರೂ ಪದವಿ, ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ಪ್ರಿ-ಮೆಡ್ ಎಂಬುದು ಹೆಚ್ಚಿನ ಕಡೆ ಪದವಿ ಅಲ್ಲ, ಓದಬೇಕಾದ ಪಾಠಗಳ ಪಟ್ಟಿ ಅಷ್ಟೆ. ಸಂಗೀತದಲ್ಲಿ ಮೇಜರ್ ಮಾಡಿ ಆ ಪಾಠಗಳನ್ನೂ ಓದಿ ಮೆಡಿಕಲ್‌ಗೆ ಹೋಗಬಹುದು. ಬೇರೆ ದೇಶದವರನ್ನು ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲುಗಳು ಅಲ್ಲಿ ಕಡಿಮೆ. ಇದನ್ನು ಮನೆಯಲ್ಲಿ ಎಲ್ಲರೂ ಕೂತು ಯೋಚಿಸಬೇಕು. ಲಾ ಕೂಡ ಹಾಗೆಯೇ, ಪದವಿಯ ನಂತರ ಮೂರು ವರ್ಷ.

ಲೈಸೆನ್ಸ್ ಬೇಕಾದ ಕೆಲಸಗಳು

ಕೆಲವು ಕ್ಷೇತ್ರಗಳಲ್ಲಿ ಪದವಿಯ ಹೆಸರಿನಲ್ಲಿರುವ ಒಂದು ಪದವೇ ಮುಂದಿನ ದಾರಿ ತೀರ್ಮಾನಿಸುತ್ತದೆ. ಸಿವಿಲ್, ಮೆಕ್ಯಾನಿಕಲ್ ಎಂಜಿನಿಯರ್ ಆಗಿ ನಕ್ಷೆಗಳಿಗೆ ಸಹಿ ಹಾಕುವ ಅಧಿಕಾರ ಬೇಕಾದರೆ ಪ್ರೊಫೆಷನಲ್ ಎಂಜಿನಿಯರ್ ಲೈಸೆನ್ಸ್ ಬೇಕು. ಅದಕ್ಕೆ ಎಬೆಟ್ ಸಂಸ್ಥೆಯ ಮಾನ್ಯತೆ ಇರುವ ಪದವಿ ಸುಲಭದ ದಾರಿ. ಎಬೆಟ್ ಮಾನ್ಯತೆಯಲ್ಲೂ ಇಲ್ಲಿ ಗಮನಿಸಬೇಕಾದ ಎರಡು ಬಗೆ ಇವೆ: ಎಂಜಿನಿಯರಿಂಗ್ ಒಂದು, ಎಂಜಿನಿಯರಿಂಗ್ ಟೆಕ್ನಾಲಜಿ ಇನ್ನೊಂದು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಓದಿದವರಿಗೆ ಕೆಲವು ರಾಜ್ಯಗಳಲ್ಲಿ ಲೈಸೆನ್ಸ್‌ಗೆ ಹೆಚ್ಚಿನ ಅನುಭವ ಕೇಳುತ್ತಾರೆ, ಕೆಲವು ರಾಜ್ಯಗಳಲ್ಲಿ ಕೊಡುವುದೇ ಇಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಈ ಮಾನ್ಯತೆಯ ಚಿಂತೆ ಬೇಡ. ಹೆಸರುವಾಸಿ ವಿಭಾಗಗಳೇ ಎಷ್ಟೋ ಅದನ್ನು ತೆಗೆದುಕೊಂಡಿಲ್ಲ.

ಆರ್ಕಿಟೆಕ್ಚರ್‌ನಲ್ಲಿ ಇನ್ನೂ ಹುಷಾರಾಗಿರಬೇಕು. ಐದು ವರ್ಷದ ಬಿ.ಆರ್ಕ್ ಮತ್ತು ನಾಲ್ಕು ವರ್ಷದ ಬಿಎಸ್ ಇನ್ ಆರ್ಕಿಟೆಕ್ಚರ್ ಬೇರೆ ಬೇರೆ. ಅಲ್ಲಿನ ಮಾನ್ಯತಾ ಮಂಡಳಿ ಒಪ್ಪುವುದು ಬಿ.ಆರ್ಕ್, ಎಂ.ಆರ್ಕ್, ಡಿ.ಆರ್ಕ್ ಮಾತ್ರ. ನಾಲ್ಕು ವರ್ಷದ್ದನ್ನು ಓದಿದವರು ಲೈಸೆನ್ಸ್‌ಗಾಗಿ ಸಾಮಾನ್ಯವಾಗಿ ಮತ್ತೆ ಎಂ.ಆರ್ಕ್ ಮಾಡಬೇಕಾಗುತ್ತದೆ. ಒಂದು ವರ್ಷ ಉಳಿಯಿತು ಎಂದುಕೊಂಡು ಸೇರಿದರೆ ಆ ನಾಲ್ಕರ ಮೇಲೆ ಸಾಮಾನ್ಯವಾಗಿ ಇನ್ನೂ ಎರಡು ವರ್ಷದ ಖರ್ಚು.

ದುಡ್ಡು ಮತ್ತು ವೀಸಾ

ನಮ್ಮ ಮಕ್ಕಳು ಸರ್ಕಾರಿ ಯೂನಿವರ್ಸಿಟಿಯಲ್ಲೂ ಸಾಮಾನ್ಯವಾಗಿ ಕಟ್ಟುವುದು ಹೊರ ರಾಜ್ಯದವರ ಫೀಸು ಅಥವಾ ಅದಕ್ಕಿಂತ ಹೆಚ್ಚು. ಸರ್ಕಾರಿ ಎಂಬ ಪದ ನೋಡಿ ಕಡಿಮೆ ಇರಬಹುದು ಅಂದುಕೊಳ್ಳುವ ಹಾಗಿಲ್ಲ. ಒಂದೇ ಯೂನಿವರ್ಸಿಟಿಯಲ್ಲಿ ಎಲ್ಲರಿಗೂ ಒಂದೇ ಫೀಸು ಎಂಬುದೂ ಸುಳ್ಳು. ಇಲಿನಾಯ್‌ನಲ್ಲಿ ಎಂಜಿನಿಯರಿಂಗ್, ಬಿಸಿನೆಸ್‌ಗೆ ಜಾಸ್ತಿ. ಕಲೆ ಮತ್ತು ವಿಜ್ಞಾನದಲ್ಲೇ ಕೆಮಿಸ್ಟ್ರಿಗೆ ಜಾಸ್ತಿ. ಮಿಷಿಗನ್‌ನಲ್ಲಿ 55 ಕ್ರೆಡಿಟ್ ದಾಟಿದ ಮೇಲೆ, ಅಂದರೆ ಸುಮಾರು ಎರಡು ವರ್ಷದ ನಂತರ, ಫೀಸು ಏರುತ್ತದೆ. ಹಾಗಾಗಿ ಮೊದಲ ವರ್ಷದ ಫೀಸನ್ನು ನಾಲ್ಕರಿಂದ ಗುಣಿಸಿ ಲೆಕ್ಕ ಹಾಕಿದರೆ ಕೊನೆಯಲ್ಲಿ ಕಷ್ಟಕ್ಕೆ ಸಿಕ್ಕಿಬೀಳುತ್ತೀರಿ. ಸಾಲ ತೆಗೆಯುವ ಮುಂಚೆ ಆ ಕಾಲೇಜಿನ, ಆ ಮೇಜರ್‌ನ ನಾಲ್ಕೂ ವರ್ಷದ ದರ ಬರೆದುಕೊಳ್ಳಿ.

ವೀಸಾ ವಿಷಯಕ್ಕೆ ಬಂದರೆ, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಪದವಿ ಮುಗಿದ ಮೇಲೆ ಒಪಿಟಿ ಎಂದು 12 ತಿಂಗಳು ಕೆಲಸ ಮಾಡುವ ಅವಕಾಶ ಇದೆ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವಿ ಆದರೆ ಇನ್ನೂ 24 ತಿಂಗಳು ಸೇರಿಸಿಕೊಳ್ಳಬಹುದು. ಯಾವುದು ಸ್ಟೆಮ್ ಎಂದು ತೀರ್ಮಾನಿಸುವುದು ಸಿಐಪಿ ಎಂಬ ಆರು ಅಂಕಿಯ ಸಂಕೇತ. ಎಕನಾಮಿಕ್ಸ್ ಪದವಿಗೆ 45.0601 ಎಂದಿದ್ದರೆ ಸ್ಟೆಮ್ ಅಲ್ಲ. ಅದೇ 45.0603, ಅಂದರೆ ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್ ಎಂದಿದ್ದರೆ ಸ್ಟೆಮ್. ಓದುವುದು ಹೆಚ್ಚುಕಡಿಮೆ ಅದೇ ಪಾಠ, ಸಿಗುವ ಕಾಲ ಮೂರು ಪಟ್ಟು. ಈ ಸಂಕೇತ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಐ-20 ಪತ್ರದಲ್ಲಿ ಅಚ್ಚಾಗಿರುತ್ತದೆ. ಆದರೆ ಆ ಪತ್ರ ಬರುವುದು ಸೀಟು ಒಪ್ಪಿಕೊಂಡ ಮೇಲೆ, ಅದಕ್ಕೆ ಮೊದಲೇ ವಿಭಾಗಕ್ಕೆ ಇಮೇಲ್ ಬರೆದು ಕೇಳಿ. ನಿಯಮಗಳು ಬದಲಾಗುತ್ತವೆ, ಸೇರುವ ವರ್ಷ ಮತ್ತೊಮ್ಮೆ ಸರಿ ನೋಡಿಕೊಳ್ಳಿ.

ದೊಡ್ಡ ಯೂನಿವರ್ಸಿಟಿಯ ಒಳಗೊಂದು ಚಿಕ್ಕ ಕಾಲೇಜು

ಮೊದಲ ವರ್ಷದ ಪಾಠಕ್ಕೆ ನೂರಾರು ಜನ ಕೂರುವ ಹಾಲ್‌ಗಳನ್ನು ಕೇಳಿಯೇ ಹೆದರುವವರಿಗೆ ಆನರ್ಸ್ ಕಾಲೇಜು ಇದೆ. ಅರಿಝೋನಾ ಸ್ಟೇಟ್‌ನ ಬ್ಯಾರೆಟ್, ಪೆನ್ ಸ್ಟೇಟ್‌ನ ಶ್ರಾಯರ್ ಇದರಲ್ಲಿ ಹೆಸರು ಮಾಡಿವೆ. ನಿಮ್ಮ ಮೇಜರ್ ಇರುವ ಕಾಲೇಜಿನ ಜೊತೆಗೆ ಇದನ್ನೂ ಸೇರಬಹುದು. ಚಿಕ್ಕ ತರಗತಿ, ಹತ್ತಿರದಿಂದ ಮಾತಾಡುವ ಪ್ರೊಫೆಸರ್, ಕೊನೆಗೆ ಒಂದು ಥೀಸಿಸ್. ಮುಂದೆ ಪಿಎಚ್‌ಡಿ ಮಾಡುವ ಆಸೆ ಇದ್ದವರಿಗೆ ಆ ಥೀಸಿಸ್ ತುಂಬಾ ಉಪಯೋಗ. ಅರ್ಜಿಗೆ ಬೇರೆ ಪ್ರಬಂಧ ಬರೆಯಬೇಕಾಗಬಹುದು, ಕೊನೆಯ ದಿನಾಂಕವೂ ಬೇರೆ ಇರಬಹುದು.

ಎರಡು ಮೂರು ಕಡೆ ಸೀಟು ಸಿಕ್ಕಿ ಆರಿಸುವ ಹೊತ್ತಿಗೆ ನಾನು ಹೇಳುವ ಕೆಲಸ ಒಂದೇ. ಪ್ರತಿ ಮೇಜರ್‌ಗೂ ಎಂಟು ಸೆಮಿಸ್ಟರ್‌ನ ಮಾದರಿ ಯೋಜನೆಯನ್ನು ವಿಭಾಗದವರು ಪ್ರಕಟಿಸಿರುತ್ತಾರೆ. ಎಲ್ಲವನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ. ಓದಲು ಆಸೆಯಾಗುವ ಪಾಠಗಳಿಗೆ ಒಂದು ಬಣ್ಣ, ಬೇಡವೆನಿಸುವವಕ್ಕೆ ಇನ್ನೊಂದು ಬಣ್ಣ ಹಚ್ಚಿ. ಮೂರನೇ ಸೆಮಿಸ್ಟರ್‌ನಿಂದ ಮುಂದಿನದನ್ನು ಗಮನ ಕೊಟ್ಟು ನೋಡಿ, ಯಾಕೆಂದರೆ ಮೊದಲ ಎರಡು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸೇರಿದ ಮೇಲೆ ಆ ವರ್ಷದ ಕ್ಯಾಟಲಾಗನ್ನು ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ. ಡಿಗ್ರಿಯ ನಿಯಮ ಮಧ್ಯದಲ್ಲಿ ಬದಲಾದರೂ ಸಾಮಾನ್ಯವಾಗಿ ನಿಮಗೆ ಅನ್ವಯಿಸುವುದು ನೀವು ಸೇರಿದ ವರ್ಷದ ಕ್ಯಾಟಲಾಗ್. ಅಡ್ವೈಸರ್ ಮುಂದೆ ಕೂತಾಗ ಅದನ್ನು ತೆಗೆದು ತೋರಿಸಬಹುದು.